ತಿಮ್ಮಿಯ ಕೈತುತ್ತು

ಪಶುವೈದ್ಯನಾಗಬೇಕಾದರೆ ಪ್ರಾಣಿಗಳ ಮೇಲೆ ಪ್ರೀತಿ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಮೂಗು ಸ್ವಲ್ಪ ಮಂದವಾಗಿರಬೇಕು ಎಂದು ಯಾರೂ ಹೇಳುವುದಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಮೊದಲು ಕೇಳುವುದು, "ಅಂಕಲ್, ನೀವು ಆಫ್ರಿಕಾಗೆ ಹೋಗಿ ಕಾಡು ಚಿಂಪಾಂಜಿ ನೋಡಿದ್ರಂತೆ, ಹೌದಾ?" ಎಂದು. ಹೌದು, ನೋಡಿದೆ. ಆದರೆ ಆ ಕಥೆ ಕಾಡಿನಿಂದ ಶುರುವಾಗುವುದಿಲ್ಲ. ಚಿಕಾಗೋದ ಪಶ್ಚಿಮಕ್ಕಿದ್ದ ಕಿಟಕಿಯಿಲ್ಲದ ಒಂದು ಕಟ್ಟಡದಿಂದ ಶುರುವಾಗುತ್ತದೆ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ಬರಲಿಲ್ಲ ಎಂಬುದನ್ನು ಬಿಟ್ಟುಬಿಡುತ್ತೇನೆ. ಅದು ಈಗ ನನಗೇ ಸರಿಯಾಗಿ ನೆನಪಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನಿಂದ ಹೊರಟಾಗ ಎಮ್ಮೆ, ದನ, ಕುರಿಗಳ ವೈದ್ಯ. ಗಬ್ಬದ ಎಮ್ಮೆಯ ಹೊಟ್ಟೆಗೆ ಕೈ ಹಾಕಿ ಅಡ್ಡ ತಿರುಗಿದ ಕರುವನ್ನು ನೆಟ್ಟಗೆ ಮಾಡುವುದು ನನಗೆ ಬರುತ್ತಿತ್ತು. ಅಮೆರಿಕದಲ್ಲಿ ಸ್ವಂತವಾಗಿ ವೈದ್ಯವೃತ್ತಿ ಮಾಡಲು ಅವರ ಪರೀಕ್ಷೆ ಮುಗಿಸಬೇಕಿತ್ತು. ಅಲ್ಲಿಯವರೆಗೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಒಂದು ಪ್ರಯೋಗಾಲಯದ ಪ್ರಾಣಿಶಾಲೆಯ ಕೆಲಸ. ಅಲ್ಲಿ ಎಮ್ಮೆ ಇರಲಿಲ್ಲ. ಇಲಿ, ಮಂಗ ಮತ್ತು ಕೆಲವು ಚಿಂಪಾಂಜಿಗಳಿದ್ದವು. ಮಂಗ ಎಂದರೆ ನನಗೆ ಗೊತ್ತಿದ್ದದ್ದು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ತೆಂಗಿನಕಾಯಿ ಕಿತ್ತುಕೊಳ್ಳುವ ಜಾತಿ. ಚಿಂಪಾಂಜಿ ಬೇರೆ. ಅದು ನಿಮ್ಮನ್ನು ಅಳೆಯುತ್ತದೆ.

ನನ್ನ ಮೊದಲ ಮೇಲಧಿಕಾರಿ ತುಂಬ ಎತ್ತರದ ಮನುಷ್ಯ. ಮಾತು ಕಡಿಮೆ, ಕಾಫಿ ಜಾಸ್ತಿ. ಅವನು ಮಾತಾಡುವಾಗ ನಾನು ನಮ್ಮೂರ ಪದ್ಧತಿಯಂತೆ ತಲೆ ತಗ್ಗಿಸಿ ನೆಲ ನೋಡುತ್ತಿದ್ದೆ. ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವನಿಗೆ ಅನುಮಾನ. ಒಂದು ದಿನ ನೇರವಾಗಿ ಕೇಳಿಯೇಬಿಟ್ಟ, "ನೀನು ಏನಾದರೂ ಮುರಿದು ಹಾಕಿದ್ದೀಯಾ?" ಎಂದು. ಆದರೆ ಅವನ ಮುಂದೆ ಕೆಲಸಕ್ಕೆ ಬಾರದ ಆ ವಿನಯ ಚಿಂಪಾಂಜಿಯ ಮುಂದೆ ಕೆಲಸಕ್ಕೆ ಬಂತು. ಕಣ್ಣಲ್ಲಿ ಕಣ್ಣಿಟ್ಟು ಒಳಗೆ ಹೋದವರ ಮೇಲೆ ಅವು ಉಗುಳುತ್ತಿದ್ದವು, ಇನ್ನೂ ಹೇಸಿಗೆಯದನ್ನೂ ಎಸೆಯುತ್ತಿದ್ದವು. ನಾನು ತಲೆ ತಗ್ಗಿಸಿಕೊಂಡು ಹೋಗಿ ಒಂದು ಪಕ್ಕಕ್ಕೆ ಕೂರುತ್ತಿದ್ದೆ, ಅವು ಸುಮ್ಮನಿರುತ್ತಿದ್ದವು.

ಆಗಿನ ಪದ್ಧತಿ ಕೇಳಿದರೆ ನಿಮಗೆ ಮೈ ಜುಮ್ಮೆನ್ನುತ್ತದೆ. ಚುಚ್ಚುಮದ್ದು ಕೊಡಬೇಕೆಂದರೆ ಬೋನಿನ ಹಿಂದಿನ ಗೋಡೆಯನ್ನು ಹಿಡಿಕೆ ತಿರುಗಿಸಿ ಮುಂದಕ್ಕೆ ಎಳೆಯುತ್ತಿದ್ದೆವು. ಪ್ರಾಣಿ ಎರಡು ಗೋಡೆಗಳ ನಡುವೆ ಸಿಕ್ಕಿ ಅಲುಗಾಡದಂತಾಗುತ್ತಿತ್ತು. ಕ್ಷಯ ಇದೆಯೇ ಎಂದು ನೋಡಲು ಕಣ್ಣಿನ ರೆಪ್ಪೆಗೇ ಸೂಜಿ. ಈಗ ಹಣ್ಣು ತೋರಿಸಿ, ಕೈ ನೀಡುವುದನ್ನು ಕಲಿಸಿ, ಕೈಗೆ ಸೂಜಿ ಹಾಕುತ್ತೀರಿ. ಒಳ್ಳೆಯದು. ಆ ಹಿಡಿಕೆ ತಿರುಗಿಸಿದ ಕೈ ಇದು, ಇದಕ್ಕೆ ಆ ಕಿರುಚಾಟ ಈಗಲೂ ಗೊತ್ತು.

ಅಲ್ಲಿದ್ದ ಒಂದು ಹೆಣ್ಣು ಚಿಂಪಾಂಜಿಗೆ ಬರೀ ನಂಬರ್ ಇತ್ತು. ಮರಿಯಾಗಿದ್ದಾಗಲೇ ತಾಯಿಯಿಂದ ಬೇರೆಯಾಗಿ ಒಂಟಿಯಾಗಿ ಬೆಳೆದದ್ದು. ಮೈ ತೂಗುತ್ತಾ, ತನ್ನ ತೋಳಿನ ಕೂದಲನ್ನು ತಾನೇ ಕಿತ್ತುಕೊಂಡು ಬೋಳು ಮಾಡಿಕೊಂಡಿತ್ತು. ಮಂಗನಿಗೆ ನಾವು ಇಡುವ ಹೆಸರನ್ನೇ ಹೆಣ್ಣಾಗಿಸಿ ನಾನು ಅವಳನ್ನು ತಿಮ್ಮಿ ಎಂದು ಕರೆದೆ. ಉಳಿದವರು ಟಿಮ್ಮಿ ಎಂದರು, ಅವಳು ಎರಡಕ್ಕೂ ತಿರುಗುತ್ತಿದ್ದಳು.

ಆ ಮೊದಲ ಚಳಿಗಾಲದ ಬಗ್ಗೆ ಸ್ವಲ್ಪ ಹೇಳಬೇಕು. ಥರ್ಮಾಮೀಟರ್ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗೆ. ನನ್ನದು ಒಂದು ಕೋಣೆಯ ಬಾಡಿಗೆ ಮನೆ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ. ಕೆಲವು ಸೋಮವಾರ ಮೊದಲ ಮಾತು ಆಡುವಾಗ ಧ್ವನಿ ಒಡೆದು ಬರುತ್ತಿತ್ತು. ಕ್ಯಾಂಟೀನಿನಲ್ಲಿ ನನ್ನ ಡಬ್ಬಿಯ ವಾಸನೆಗೆ ಜನ ಮೂಗು ಮುರಿದದ್ದನ್ನು ನೋಡಿದ ಮೇಲೆ ಊಟವನ್ನು ಪ್ರಾಣಿಶಾಲೆಗೇ ಒಯ್ದೆ. ತಿಮ್ಮಿಯ ಬೋನಿನ ಮುಂದೆ ಒಂದು ಸ್ಟೂಲು ಹಾಕಿಕೊಂಡು ಡಬ್ಬಿ ತೆರೆದೆ. ಅವಳು ತೂಗುವುದನ್ನು ನಿಲ್ಲಿಸಿ ನೋಡಿದಳು.

ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಒಬ್ಬರು ನೋಡುತ್ತಿರುವಾಗ ಕೊಡದೆ ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ, ತಿಂದದ್ದು ದಕ್ಕುವುದೂ ಇಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನಾನು ಮೊಸರನ್ನದ ಒಂದು ತುತ್ತು ಮಾಡಿ ಕಂಬಿಯ ಸಂದಿನಲ್ಲಿ ಚಾಚಿದೆ. ಬೆರಳು ಹೋಗಬಹುದಿತ್ತು. ಅವಳು ತುಟಿಯನ್ನು ಚೀಲದ ಬಾಯಿಯಂತೆ ಮುಂದೆ ತಂದು ಅನ್ನವನ್ನಷ್ಟೇ ತೆಗೆದುಕೊಂಡಳು. ಆಮೇಲೆ ಪ್ರತಿದಿನ ಮಧ್ಯಾಹ್ನ ಅದೇ ನಡೆಯಿತು. "ಊಟ ಆಯ್ತೇನೇ ತಿಮ್ಮಿ?" ಎಂದು ಕೇಳುವುದು, ಆಗಿದ್ದರೂ ಇನ್ನೊಂದು ತುತ್ತು ಕೊಡುವುದು. ಚಿಕಾಗೋದಲ್ಲಿ ನಾನು ದಿನಾ ಕನ್ನಡ ಮಾತಾಡುತ್ತಿದ್ದದ್ದು ಅವಳೊಬ್ಬಳ ಹತ್ತಿರ. ಅವಳ ತೋಳಿನ ಮೇಲೆ ಮೆಲ್ಲಗೆ ಕೂದಲು ಬಂತು.

ಕೆಲವು ವರ್ಷಗಳ ನಂತರ ಆ ಪ್ರಯೋಗಾಲಯ ಚಿಂಪಾಂಜಿಗಳ ಕೆಲಸವನ್ನು ನಿಲ್ಲಿಸಿತು. ಡೆಟ್ರಾಯಿಟ್‌ನ ಉತ್ತರಕ್ಕಿದ್ದ ಒಂದು ಖಾಸಗಿ ಪ್ರಾಣಿ ಉದ್ಯಾನ ತಿಮ್ಮಿಯನ್ನು ತೆಗೆದುಕೊಳ್ಳಲು ಒಪ್ಪಿತು. ಅಲ್ಲಿ ಆಗಲೇ ಚಿಂಪಾಂಜಿಗಳ ಒಂದು ಸಣ್ಣ ಗುಂಪಿತ್ತು. ನಾನು ಕೊಟ್ಟರೆ ಮಾತ್ರ ಇವಳು ಸರಿಯಾಗಿ ತಿನ್ನುತ್ತಾಳೆ ಎಂದು ಗೊತ್ತಾಗಿ ಅವರು ನನ್ನನ್ನೂ ಕರೆದರು. ಅಷ್ಟರಲ್ಲಿ ಪರೀಕ್ಷೆ ಮುಗಿಸಿದ್ದೆ. ನನ್ನ ಯೋಗ್ಯತೆ ನೋಡಿ ಕರೆದರು ಎಂದು ಊರಿಗೆ ಬರೆದೆ. ನಿಜವಾಗಿ ನಾನು ತಿಮ್ಮಿಯ ಸಾಮಾನಿನ ಜೊತೆ ಹೋದವನು.

ಒಂದು ಟ್ರಕ್ಕಿನಲ್ಲಿ ಅವಳ ಬೋನಿಟ್ಟು, ಪಕ್ಕದಲ್ಲಿ ನಾನು ಕೂತು, ಚಿಕಾಗೋ ಪಕ್ಕದ ಸರೋವರದ ಕೆಳದಂಡೆ ಸುತ್ತಿ ಇಂಡಿಯಾನಾ ದಾಟಿ ಮಿಷಿಗನ್ನಿಗೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಕೋಟಿನ ತೋಳನ್ನು ಕಂಬಿಯ ಸಂದಿನಿಂದ ಹಿಡಿದುಕೊಂಡಿದ್ದಳು.

ಹೊಸ ಜಾಗದಲ್ಲಿ ಮುಖ್ಯ ಪಾಲಕ ಹ್ಯಾಂಕ್ ಎಂಬುವನು. ಕಾರು ಕಾರ್ಖಾನೆ ಬಿಟ್ಟು ಪ್ರಾಣಿಗಳ ಕಡೆ ಬಂದವನು. ದಪ್ಪ ಮನುಷ್ಯ, ಒರಟು ಬಾಯಿ, ಒಳ್ಳೆಯವನು. ತಿಮ್ಮಿಯನ್ನು ಗುಂಪಿಗೆ ಸೇರಿಸುವ ಕೆಲಸ ನಮ್ಮಿಬ್ಬರದು. ಮೊದಲು ಜಾಲರಿಯ ಆಚೀಚೆ ಇಟ್ಟೆವು. ಆಮೇಲೆ ನಡುವಿನ ಬಾಗಿಲು ತೆಗೆದೆವು. ತಿಮ್ಮಿ ಕಿರುಚಿಕೊಂಡು ಓಡಿಬಂದು ನಾನು ನಿಂತಿದ್ದ ಕಡೆಯ ಕಂಬಿಯನ್ನು ಅಪ್ಪಿಕೊಂಡಳು. ಗುಂಪಿನ ದೊಡ್ಡ ಗಂಡು ಅವಳ ಬೆನ್ನಿಗೆ ಹೊಡೆಯಿತು. ನೀರಿನ ಪೈಪು ಹಿಡಿದು ಬಿಡಿಸಿಕೊಂಡೆವು. ಕೆಲವು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಿದಾಗಲೂ ಅದೇ ಆಯಿತು. ಆ ಸಲ ಅವಳ ಕಿವಿಗೆ ನಾನೇ ಹೊಲಿಗೆ ಹಾಕಿದೆ.

ನಿರ್ದೇಶಕರು ನನ್ನನ್ನು ಕರೆದು ಕೂರಿಸಿದರು. ಒಂಟಿ ಪ್ರಾಣಿಗೆ ಬೇರೆ ಬೋನು, ಬೇರೆ ಆಳು ಕೊಡಲು ಉದ್ಯಾನಕ್ಕೆ ಆಗುವುದಿಲ್ಲ. ಇನ್ನೊಂದು ಪ್ರಯೋಗಾಲಯ ಅವಳನ್ನು ಕೇಳಿದೆ. "ಇನ್ನೊಂದೇ ಅವಕಾಶ, ಡಾಕ್ಟರ್. ಅದೂ ಆಗದಿದ್ದರೆ ಕಳಿಸಿಬಿಡುತ್ತೇನೆ" ಎಂದರು. ಹಿಡಿಕೆಯ ಬೋನು ನನ್ನ ಕಣ್ಣ ಮುಂದೆ ಬಂತು. ಅವರು ಮುಂದುವರಿಸಿ, ಉದ್ಯಾನಕ್ಕೆ ದೇಣಿಗೆ ಕೊಡುವ ಕೆಲವು ದಂಪತಿಗಳು ಕಾಡು ಚಿಂಪಾಂಜಿ ನೋಡಲು ಪೂರ್ವ ಆಫ್ರಿಕಾಕ್ಕೆ ಹೊರಟಿದ್ದಾರೆ, ಜೊತೆಗೆ ಒಬ್ಬ ಪಶುವೈದ್ಯ ಇದ್ದರೆ ಶೋಭೆ, ಹೋಗಿ ಅಲ್ಲಿ ಹೊಸಬರನ್ನು ಹೇಗೆ ಸೇರಿಸಿಕೊಳ್ಳುತ್ತವೆ ನೋಡಿಕೊಂಡು ಬನ್ನಿ ಎಂದರು.

ನಾನು ಹೊರಡುವ ಸುದ್ದಿ ಕೇಳಿ ಪಕ್ಕದ ವಾರೆನ್ ಊರಿನ ಸರೋಜಮ್ಮನವರು ಚಕ್ಕುಲಿ ಕಟ್ಟಿಕೊಟ್ಟರು. ಅವರ ಯಜಮಾನರು ಕಾರು ಕಂಪನಿಯಲ್ಲಿ ಎಂಜಿನಿಯರ್. ಆಗ ಅಲ್ಲಿದ್ದ ಬೆರಳೆಣಿಕೆಯ ಕನ್ನಡ ಮನೆಗಳಲ್ಲಿ ನನ್ನನ್ನು ಭಾನುವಾರ ಊಟಕ್ಕೆ ಕರೆಯುತ್ತಿದ್ದವರು ಅವರು. ಬಂದ ಡಾಕ್ಟರು, ಎಂಜಿನಿಯರುಗಳಿಗೆಲ್ಲ "ಇವ್ರು ನಮ್ಮ ಮಂಗನ ಡಾಕ್ಟ್ರು" ಎಂದು ಪರಿಚಯಿಸುವರು. ಎಲ್ಲರೂ ನಗುವರು, ನಾನೂ ನಗುತ್ತಿದ್ದೆ. ಆಮೇಲೆ ಅವರೆಲ್ಲ ಮನೆ ಕೊಳ್ಳುವ ಮಾತಿಗೆ ಇಳಿಯುತ್ತಿದ್ದರು, ನಾನು ಮಕ್ಕಳ ಟೀವಿ ನೋಡುತ್ತಾ ಕೂರುತ್ತಿದ್ದೆ.

"ಅಲ್ಲಿ ಊಟಕ್ಕೆ ಏನ್ ಮಾಡ್ತೀರಿ? ಹುಷಾರು ಕಣ್ರೀ, ಸಿಕ್ಕಿದ್ದೆಲ್ಲ ತಿನ್ಬೇಡಿ" ಎಂದರು ಸರೋಜಮ್ಮ.

"ಚಿಂಪಾಂಜಿ ತಿನ್ನೋದೇ ತಿಂದ್ರಾಯ್ತು, ಅವು ಹೆಚ್ಚುಕಮ್ಮಿ ನಮ್ಮ ಹಾಗೇ ಹಣ್ಣು ಸೊಪ್ಪು" ಎಂದೆ. ಅವು ಚಿಕ್ಕ ಕೋತಿಗಳನ್ನು ಬೇಟೆಯಾಡಿ ತಿನ್ನುತ್ತವೆ ಎಂಬುದನ್ನು ಅವರಿಗೆ ಹೇಳಲಿಲ್ಲ.

ಟಾಂಜಾನಿಯಾದ ಪಶ್ಚಿಮ ಅಂಚಿನಲ್ಲಿ ಉದ್ದನೆಯ ಸರೋವರ. ಅದರ ದಂಡೆಯಿಂದಲೇ ಎದ್ದ ಕಡಿದಾದ ಕಾಡುಗುಡ್ಡಗಳು. ದೋಣಿಯಲ್ಲಿ ಹೋಗಿ ಇಳಿದೆವು. ನಮ್ಮ ದಾರಿತೋರುಗ ಜುಮಾ, ಅಲ್ಲೇ ಪಕ್ಕದ ಹಳ್ಳಿಯವನು, ತಕ್ಕಮಟ್ಟಿಗೆ ಇಂಗ್ಲಿಷ್ ಬರುತ್ತಿತ್ತು. ಮೊದಲ ಕೆಲವು ದಿನ ಒಂದು ಚಿಂಪಾಂಜಿಯೂ ಕಾಣಲಿಲ್ಲ. ಮುಳ್ಳು, ಬೆವರು, ದಾನಿಗಳ ಗೊಣಗಾಟ. ಒಬ್ಬ ಹೆಂಗಸು ನನ್ನನ್ನೇ ದೂರಿದಳು, ನಾನೇ ಅವುಗಳನ್ನು ಬಚ್ಚಿಟ್ಟಿದ್ದೇನೋ ಎಂಬಂತೆ.

ಆಮೇಲೆ ಒಂದು ಬೆಳಿಗ್ಗೆ ಕಂಡವು. ನಾನು ಅಷ್ಟು ವರ್ಷ ಚಿಂಪಾಂಜಿಗಳ ಜೊತೆ ಇದ್ದವನು, ಆದರೂ ಇವುಗಳನ್ನು ನೋಡಿ ಇದೇ ಪ್ರಾಣಿಯೇ ಎಂದು ಬೆರಗಾದೆ. ಒಂದು ಹೆಣ್ಣು ಕಣಿವೆಯ ಈಚೆ ಒಬ್ಬಳೇ ಕೂತು ಎಲೆ ಜಗಿಯುತ್ತಿದ್ದಳು. ತುಂಬ ಹೊತ್ತು ಒಬ್ಬಳೇ. ಬೇಜಾರೇನೂ ಇದ್ದಂತಿರಲಿಲ್ಲ. ಆಮೇಲೆ ಆಚೆ ಗುಡ್ಡದಿಂದ ಒಂದು ಕೂಗು ಬಂತು. ಊಹೂ ಊಹೂ ಎಂದು ಮೆಲ್ಲಗೆ ಶುರುವಾಗಿ ಏರುತ್ತಾ ಏರುತ್ತಾ ಕಿರುಚಾಟವಾಗುವ ಕೂಗು. ಇವಳು ಎಲೆ ಬಿಟ್ಟು ತಲೆಯೆತ್ತಿ ತಿರುಗಿ ಕೂಗಿದಳು, ಆಚೆಯಿಂದ ಉತ್ತರ ಬಂತು. ಅಷ್ಟೇ. ಮತ್ತೆ ಎಲೆ ಜಗಿಯತೊಡಗಿದಳು. ನನಗೆ ಅಳು ಬಂತು. ಒಂಟಿಯಾಗಿರುವುದು ಕಷ್ಟವಲ್ಲ, ಕೂಗಿದರೆ ಓಗೊಡುವವರು ಇರಬೇಕು ಅಷ್ಟೇ ಎನ್ನಿಸಿತು. ಡೆಟ್ರಾಯಿಟ್‌ನಲ್ಲಿ ನಾನು ಕೂಗಿದರೆ ಬರುವುದು ಪಕ್ಕದ ಮನೆಯವನ ದೂರು. ದಾನಿಗಳಲ್ಲೊಬ್ಬ ಹೆಂಗಸು ಕರ್ಚೀಫು ಕೊಟ್ಟು, ಪಾಪ ಎಷ್ಟು ಪ್ರಾಣಿಪ್ರೀತಿ ಎಂದಳು. ನಾನು ಹೌದೆಂದೆ.

ಆದರೆ ನಾನು ನೋಡಲು ಬಂದದ್ದು ಸಿಗಲಿಲ್ಲ. ಹೊಸದೊಂದು ಪ್ರಾಣಿ ಗುಂಪಿಗೆ ಸೇರುವುದನ್ನು ನೋಡಲು ವರ್ಷಗಟ್ಟಲೆ ಕಾಯಬೇಕು. ಹೊರಡುವ ದಿನ ಹತ್ತಿರ ಬಂದಂತೆ ನನಗೆ ನಿದ್ದೆ ಹತ್ತಲಿಲ್ಲ. ಬರಿಗೈಯಲ್ಲಿ ಹೋಗಿ ನಿರ್ದೇಶಕರಿಗೆ ಏನು ಹೇಳಲಿ, ತಿಮ್ಮಿಗೆ ಏನು ಹೇಳಲಿ?

ಒಂದು ದಿನ ದಾನಿಗಳು ದೋಣಿಯಲ್ಲಿ ಮೀನು ಹಿಡಿಯಲು ಹೋದರು. ಜುಮಾ ನನ್ನನ್ನು ತನ್ನ ಹಳ್ಳಿಗೆ ಊಟಕ್ಕೆ ಕರೆದ. ಹಳ್ಳಿಯಲ್ಲಿ ನನ್ನ ಮುಖ ನೋಡಿದ ಕೂಡಲೇ ಜನ ಸುತ್ತುವರಿದು ಏನೋ ವಿಚಾರಿಸತೊಡಗಿದರು. "ಸಕ್ಕರೆ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಾರೆ" ಎಂದು ಜುಮಾ ನಕ್ಕ. ಆ ಕಡೆ ಪೇಟೆಯ ಅಂಗಡಿಗಳನ್ನು ಇಟ್ಟವರೆಲ್ಲ ಗುಜರಾತಿಗಳು. ಹಿಂದೂಸ್ಥಾನದ ಮುಖ ಎಂದರೆ ಅಂಗಡಿಯವನು. ನಾನು ವೈದ್ಯ, ಅದೂ ಚಿಂಪಾಂಜಿಗಳ ವೈದ್ಯ ಎಂದು ಜುಮಾ ವಿವರಿಸಿದ. ಒಬ್ಬ ಮುದುಕ ತಲೆಯಾಡಿಸಿ ಏನೋ ಹೇಳಿದ. ಸಕ್ಕರೆಯವನಾಗಿದ್ದರೆ ಚೆನ್ನಾಗಿತ್ತು ಎಂದನಂತೆ. ನಾನು ಒಪ್ಪಿದೆ.

ಚಾಪೆಯ ಮೇಲೆ ಗಂಡಸರೆಲ್ಲ ಒಂದು ದೊಡ್ಡ ತಟ್ಟೆಯ ಸುತ್ತ ಕೂತೆವು. ತಟ್ಟೆಯಲ್ಲಿ ಮರಗೆಣಸಿನ ಹಿಟ್ಟಿನ ಮುದ್ದೆ, ಕೆಂಪು ತಾಳೆ ಎಣ್ಣೆಯಲ್ಲಿ ಬೇಯಿಸಿದ ಕಾಳು. ಮುದ್ದೆ ಮುರಿದು ಗುಂಡಗೆ ಮಾಡಿ ಅದ್ದಿ ನುಂಗಿದೆ. ನನ್ನ ಕೈ ತಿರುಗುವುದನ್ನು ನೋಡಿ ಅವರು ಬೆರಗಾದರು. ಬಿಳಿಯರಿಗೆ ಇದು ಬರುವುದಿಲ್ಲವಂತೆ. ನಾನು ಹುಟ್ಟಿದ್ದೇ ಮುದ್ದೆಯ ಸೀಮೆಯಲ್ಲಿ ಎಂದು ಹೇಗೆ ಹೇಳಲಿ?

ಅಂಗಳದ ಆಚೆ ಅಡಿಗೆಯ ಚಪ್ಪರದಡಿ ಹೆಂಗಸರು ಇನ್ನೊಂದು ತಟ್ಟೆಯ ಸುತ್ತ ಕೂತಿದ್ದರು. ಅವರಿಂದ ದೂರದಲ್ಲಿ, ಗೋಡೆಗೆ ಮುಖ ಮಾಡಿ, ಒಬ್ಬ ಚಿಕ್ಕ ಪ್ರಾಯದ ಹೆಂಗಸು ಕೂತಿದ್ದಳು. ಜುಮಾನ ತಮ್ಮನ ಹೊಸ ಹೆಂಡತಿ, ಬೇರೆ ಊರಿನಿಂದ ಬಂದವಳು, ಬೆಳಿಗ್ಗೆ ಅತ್ತೆಯ ಜೊತೆ ಏನೋ ಜಗಳ ಎಂದ ಜುಮಾ. ಯಾರೂ ಅವಳನ್ನು ಊಟಕ್ಕೆ ಕರೆಯುತ್ತಿರಲಿಲ್ಲ. ನನಗೆ ತುತ್ತು ಇಳಿಯಲಿಲ್ಲ. ಯೋಚಿಸುವ ಮೊದಲೇ ನಾನು ಒಂದು ಬಟ್ಟಲಿಗೆ ಮುದ್ದೆ, ಕಾಳು ಹಾಕಿಕೊಂಡು ಅಂಗಳ ದಾಟಿ ಹೋಗಿ ಅವಳ ಪಕ್ಕ ಇಟ್ಟೆ.

ಆ ಹುಡುಗಿ ಸೆರಗಿನಂಥ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡು ಇನ್ನೂ ಗೋಡೆಗೆ ಒತ್ತಿಕೊಂಡಳು. ಜುಮಾ ಓಡಿಬಂದು ನನ್ನ ತೋಳು ಹಿಡಿದು ವಾಪಸು ಕರೆದುಕೊಂಡು ಹೋದ. ಪರಗಂಡಸು, ಅದೂ ಅತಿಥಿ, ಮನೆಯ ಸೊಸೆಗೆ ಊಟ ಬಡಿಸಿದ್ದಾನೆ! ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಜುಮಾನ ತಾಯಿ, ತೆಳ್ಳಗಿನ ಗಟ್ಟಿ ಮುದುಕಿ, ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಟ್ಟಲನ್ನು ಎತ್ತಿಕೊಂಡು ಅದರಲ್ಲಿದ್ದದ್ದನ್ನು ಹೆಂಗಸರ ತಟ್ಟೆಗೆ ಸುರಿದು ನನಗೇನೋ ಹೇಳಿದಳು.

"ನೀವು ಒಳ್ಳೆಯವರಂತೆ" ಎಂದ ಜುಮಾ. "ಆದರೆ ಗೋಡೆಯ ಹತ್ತಿರ ಊಟ ಕೊಟ್ಟರೆ ಅವಳು ಗೋಡೆಯ ಹತ್ತಿರವೇ ಸಂಸಾರ ಮಾಡುತ್ತಾಳಂತೆ."

ಆಮೇಲೆ ನೋಡಿದೆ. ಹೆಂಗಸರು ಹರಟುತ್ತಾ ತಿನ್ನುತ್ತಿದ್ದರು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಆದರೆ ತಟ್ಟೆಯ ಸುತ್ತ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು, ಅದರ ಮುಂದಿನ ಮುದ್ದೆಯನ್ನು ಯಾರೂ ಮುರಿದಿರಲಿಲ್ಲ. ನಾವು ಕೈ ತೊಳೆಯುವಷ್ಟರಲ್ಲಿ ಆ ಹುಡುಗಿ ಎದ್ದು, ನೀರು ತರಲು ಹೋಗುವವಳಂತೆ ನಟಿಸಿ, ಬಂದು ಆ ಜಾಗದಲ್ಲಿ ಕೂತಳು. ಅತ್ತೆ ಮಾತನ್ನೂ ನಿಲ್ಲಿಸಲಿಲ್ಲ, ಸ್ವಲ್ಪ ಸರಿದು ಕೂತಳು.

ವಾಪಸು ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೊಂದೇ. ನಾನು ತಿಮ್ಮಿಗೆ ಕೊಟ್ಟ ಪ್ರತಿಯೊಂದು ತುತ್ತೂ ಗೋಡೆಯ ಹತ್ತಿರದ ತುತ್ತು. ಅದರಿಂದಲೇ ಅವಳು ಬದುಕಿದಳು, ಅದು ಸುಳ್ಳಲ್ಲ. ಆದರೆ ಈಗ ಬಾಗಿಲು ತೆರೆದಾಗ ಅವಳು ಓಡಿಬರುವುದು ನನ್ನ ಕಡೆಗೇ. ನಾನು ಅಲ್ಲಿರುವವರೆಗೆ ಅವಳಿಗೆ ಬೇರೆಯವರು ಬೇಕಿಲ್ಲ. ನನಗೂ ಬೇಕಿರಲಿಲ್ಲ ಎನ್ನುವುದು ಬೇರೆ ಮಾತು.

ಹ್ಯಾಂಕ್‌ಗೆ ಹೇಳಿದೆ. ನಾನು ಚಿಂಪಾಂಜಿ ಮನೆಗೆ ಕಾಲಿಡುವುದಿಲ್ಲ, ನನ್ನ ಧ್ವನಿಯೂ ಕೇಳಬಾರದು. ಊಟವನ್ನು ಗುಂಪಿನ ಕೋಣೆಯ ನಡುವೆ ಮಾತ್ರ ಹಾಕಬೇಕು, ಅವಳ ಬೋನಿನ ಬಾಗಿಲು ತೆರೆದೇ ಇರಬೇಕು, ಹೊಡೆದಾಟವಾದರೆ ಓಡಿಹೋಗಲು ದಾರಿ ಇರಬೇಕು. ದೊಡ್ಡ ಗಂಡನ್ನು ಸದ್ಯಕ್ಕೆ ಬೇರೆ ಇಟ್ಟು ಮುದಿ ಹೆಣ್ಣು ಬೆಸ್ಸಿಯೊಬ್ಬಳ ಜೊತೆ ಶುರು ಮಾಡಬೇಕು.

"ಅವಳು ಉಪವಾಸ ಬಿದ್ದು ಸಾಯುತ್ತಾಳೆ" ಎಂದ ಹ್ಯಾಂಕ್.

"ನೀರು ಅವಳ ಹತ್ತಿರವೇ ಇರಲಿ. ತೀರಾ ಬಳಲಿದರೆ ಫೋನ್ ಮಾಡು, ಬರುತ್ತೇನೆ."

"ಬಂದರೆ?"

"ಬಂದರೆ ಅವಳು ಪ್ರಯೋಗಾಲಯಕ್ಕೆ ಹೋದ ಹಾಗೆ" ಎಂದೆ.

ನಾನು ರಜೆ ಹಾಕಿದೆ. ಮನೆಯಲ್ಲಿ ಕೂತರೆ ಕಾರು ತಾನಾಗಿ ಉದ್ಯಾನದ ಕಡೆ ಹೋಗುತ್ತದೆ ಎಂದು ಹೆದರಿ ಸರೋಜಮ್ಮನವರ ಮನೆಗೆ ಹೋದೆ. ಮೊದಲ ದಿನ ಹ್ಯಾಂಕ್ ಫೋನ್ ಮಾಡಿ, ತಿನ್ನಲಿಲ್ಲ, ನಿನ್ನ ಸ್ಟೂಲಿನ ಕಡೆಯೇ ನೋಡುತ್ತಾ ಕೂತಿದ್ದಾಳೆ ಎಂದ. ಸ್ಟೂಲು ತೆಗೆದುಬಿಡು ಎಂದೆ. ಮರುದಿನ, ಮತ್ತೆ ತೂಗಲು ಶುರು ಮಾಡಿದ್ದಾಳೆ ಎಂದ. ಅದರ ಮರುದಿನ, ತೋಳಿನ ಕೂದಲು ಕೀಳುತ್ತಿದ್ದಾಳೆ ಎಂದು ಹೇಳಿ ನನ್ನನ್ನು ಬೈದು ಫೋನ್ ಇಟ್ಟ.

ಸರೋಜಮ್ಮ ತಟ್ಟೆ ಇಟ್ಟು ಕಾದರು. ನಾನು ಅನ್ನ ಕಲಸುತ್ತಲೇ ಕೂತೆ.

"ಏನ್ರೀ ಇದು, ಆ ಕೋತಿ ತಿಂದಿಲ್ಲ ಅಂತ ನೀವೂ ಉಪವಾಸನಾ? ಜನ ಕೇಳಿದ್ರೆ ನಗ್ತಾರೆ."

"ನಗ್ಲಿ ಬಿಡಿ. ಅವಳು ಒಬ್ಬಳೇ ಇದಾಳೆ ಸರೋಜಮ್ಮ. ನಾನ್ ಯಾಕ್ ಬರ್ಲಿಲ್ಲ ಅಂತ ಅವಳಿಗೆ ಹೇಗ್ ಗೊತ್ತಾಗ್ಬೇಕು?"

ಅವರು ನಗಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ತಾವೂ ಒಂದು ತಟ್ಟೆ ಹಾಕಿಕೊಂಡು, "ನಾನೂ ತಿಂದಿಲ್ಲ, ಹೊಟ್ಟೆ ಚುರುಗುಟ್ತಿದೆ, ಶುರು ಮಾಡಿ" ಎಂದರು. ಅವರ ಊಟ ಮುಗಿದು ಎಷ್ಟೋ ಹೊತ್ತಾಗಿತ್ತು, ನನಗೆ ಗೊತ್ತಿತ್ತು. ಇಬ್ಬರೂ ಊಟ ಮಾಡಿದೆವು.

ಮುಂದಿನ ಫೋನ್ ಬಂದಾಗ ಹ್ಯಾಂಕ್‌ನ ಧ್ವನಿ ಬೇರೆಯಾಗಿತ್ತು. ಬೆಸ್ಸಿ ನಡುಕೋಣೆಯಲ್ಲಿ ಬೆನ್ನು ತಿರುಗಿಸಿಕೊಂಡು ಗೆಣಸು ತಿನ್ನುತ್ತಿದ್ದಳಂತೆ. ತಿಮ್ಮಿ ಬಾಗಿಲ ಹತ್ತಿರ ಬಂದಳು, ಹೋದಳು, ಬಂದಳು. ಆಮೇಲೆ ಹೊಟ್ಟೆಯ ಮೇಲೆ ತೆವಳಿಕೊಂಡಂತೆ ಬಂದು ಒಂದು ಗೆಣಸು ಕಿತ್ತುಕೊಂಡು ಓಡಿದಳು. ಬೆಸ್ಸಿ ತಿರುಗಿಯೂ ನೋಡಲಿಲ್ಲ. ಎರಡನೆಯ ಸಲ ತಿಮ್ಮಿ ಓಡಲಿಲ್ಲ. ಅಲ್ಲೇ ಕೂತು ತಿಂದಳು. ಹ್ಯಾಂಕ್ ಕಾರ್ಖಾನೆಯ ಭಾಷೆಯಲ್ಲಿ ಖುಷಿಪಟ್ಟ, ಅದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಗುಂಪಿನಲ್ಲಿ ಉಳಿದವರ ಜೊತೆ ಒಂದಾಗಲು ಆ ಬೇಸಿಗೆಯೆಲ್ಲ ಹಿಡಿಯಿತು. ದೊಡ್ಡ ಗಂಡು ಒಂದೆರಡು ಸಲ ಅಬ್ಬರಿಸಿತು, ಬೆಸ್ಸಿ ನಡುವೆ ಬಂದು ಕೂತಳು. ನಿರ್ದೇಶಕರು ಪ್ರಯೋಗಾಲಯಕ್ಕೆ ಇಲ್ಲ ಎಂದು ಬರೆದರು. ಅವಳಿಗೆ ಔಷಧ ಕೊಡಲು ಬೇರೆ ವೈದ್ಯನಿಗೆ ಹೇಳಿ ನಾನು ಜಿರಾಫೆ, ಜೀಬ್ರಾಗಳ ಕಡೆಗೆ ಹೋದೆ. ಜಿರಾಫೆಗಳು ನನ್ನನ್ನು ಅಳೆಯುತ್ತಿರಲಿಲ್ಲ. ಮಧ್ಯಾಹ್ನದ ಡಬ್ಬಿಯನ್ನು ಕಾರಿನಲ್ಲಿ ಕೂತು ತಿನ್ನುತ್ತಿದ್ದೆ. ಬಾನೆಟ್ಟಿನ ಮೇಲೆ ಗುಬ್ಬಿ ಬಂದು ಕೂತರೂ ಗಾಜು ಇಳಿಸುತ್ತಿರಲಿಲ್ಲ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದು ಇದು. ಪ್ರಾಣಿ ನಿಮ್ಮನ್ನು ಹಚ್ಚಿಕೊಂಡಿತು ಎಂದು ಬೀಗಬೇಡಿ. ಅದಕ್ಕೆ ಬೇರೆ ಯಾರೂ ಇಲ್ಲವೇ ಎಂದು ಮೊದಲು ನೋಡಿ. ಅದನ್ನು ಅದರವರ ಹತ್ತಿರ ಬಿಟ್ಟು ಬಂದ ಮೇಲೆ ನಿಮಗೆ ಆಗುವ ಸಂಕಟಕ್ಕೆ ಯಾವ ಪುಸ್ತಕದಲ್ಲೂ ಔಷಧ ಬರೆದಿಲ್ಲ. ನಾನು ಹುಡುಕಿದ್ದೇನೆ.

ಎಲೆ ಉದುರುವ ಕಾಲಕ್ಕೆ ಹ್ಯಾಂಕ್ ಬಂದು, ಇನ್ನು ಹೆದರಿಕೆಯಿಲ್ಲ, ಒಂದು ಸಲ ಬಂದು ನೋಡಿ ಹೋಗು ಎಂದ. ಪಾಲಕರ ಕಡೆಯ ಬಾಗಿಲಿನಿಂದ ಒಳಗೆ ಹೋದೆ. ಅವನು ಆಚೆಯೇ ನಿಂತ. ತಿಮ್ಮಿ ಬೆಸ್ಸಿಯ ಹಿಂದೆ ಕೂತು, ತುಟಿ ಆಡಿಸುತ್ತಾ, ಅವಳ ಬೆನ್ನಿನ ಕೂದಲನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ತಲೆಯೆತ್ತಿದಳು. ನನ್ನ ಮುಖವನ್ನು, ಆಮೇಲೆ ನನ್ನ ಕೈಗಳನ್ನು ನೋಡಿದಳು. ಗಂಟಲಲ್ಲಿ ಸಣ್ಣದೊಂದು ಸದ್ದು ಮಾಡಿದಳು. ಬೆಸ್ಸಿ ತೋಳೆತ್ತಿ, ಇಲ್ಲಿ ನೋಡು ಎನ್ನುವಂತೆ ಕಂಕುಳನ್ನು ಮುಂದೆ ಮಾಡಿದಳು. ತಿಮ್ಮಿ ತಿರುಗಿ ಕೂತಳು.

ನಾನು ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಗೆ ಬಂದೆ.

"ಗುರುತು ಹಿಡಿದಳಾ?" ಎಂದು ಕೇಳಿದ ಹ್ಯಾಂಕ್.

"ಹಿಡಿದಳು."

"ಹತ್ತಿರ ಬರಲಿಲ್ಲವಾ?"

"ಇಲ್ಲ" ಎಂದೆ. "ಅವಳಿಗೆ ಕೆಲಸ ಇತ್ತು."